ಬಟ್ಟೆಗೆ ತಕ್ಕ ಸೂಜಿ, ಬಟ್ಟೆಗೆ ತಕ್ಕ ಬಿಗಿ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಸೀಮೆಯಲ್ಲಿ ಹೊಲಿಗೆಯ ಯಂತ್ರವಿಲ್ಲದ ಊರನ್ನು ನಾನು ಕಂಡಿಲ್ಲ. ತವರಿನಿಂದ ಬಂದುದು, ಅಡಿಕೆಗೆ ಒಳ್ಳೆಯ ಬೆಲೆ ಸಿಕ್ಕಿದ ವರ್ಷ ಕೊಂಡುದು, ಸರಕಾರದ ನೆರವಿನಿಂದ ದೊರೆತುದು, ಹೀಗೆ ಒಂದಲ್ಲ ಒಂದು ಬಗೆಯಿಂದ ಯಂತ್ರವು ನಮ್ಮ ಮನೆಗಳನ್ನು ಸೇರಿದೆ. ಆದರೆ ಅವುಗಳಲ್ಲಿ ಎಷ್ಟೋ ಯಂತ್ರಗಳು ನಡುಮನೆಯ ಮೂಲೆಯಲ್ಲಿ ಕಸೂತಿಯ ಮುಸುಕನ್ನು ಹೊದ್ದುಕೊಂಡು, ಅದರ ಮೇಲೆ ಹೂದಾನಿಯನ್ನು ಹೊತ್ತುಕೊಂಡು ಸುಮ್ಮನೆ ನಿಂತಿರುವುವು. ಏಕಮ್ಮಾ ಹೊಲಿಯುವುದಿಲ್ಲ ಎಂದು ಕೇಳಿದರೆ, "ಅದು ಕೆಟ್ಟಿದೆ" ಎಂಬ ಉತ್ತರವು ಬರುವುದು. ಏನು ಕೆಟ್ಟಿದೆ ಎಂದರೆ, ನೂಲು ಕಡಿಯುತ್ತದೆ, ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ, ಬಟ್ಟೆ ಸುಕ್ಕುಗಟ್ಟುತ್ತದೆ. ಈ ಮೂರು ದೂರುಗಳೂ ಬಹುಮಟ್ಟಿಗೆ ಯಂತ್ರದ ರೋಗಗಳಲ್ಲ. ಪಾಪ್ಲಿನ್ನಿಗಾಗಿ ಅಣಿಮಾಡಿದ ಯಂತ್ರಕ್ಕೆ ರೇಷ್ಮೆಯನ್ನು ಕೊಟ್ಟುದರ ಫಲವಷ್ಟೇ.

ಇದನ್ನು ನಾನು ಕಲಿತದ್ದು ಅವಮಾನಪಟ್ಟು. ಶಾಲೆಯನ್ನು ಬಿಟ್ಟು ಮದುವೆಯಾಗಿ ಕೊಪ್ಪದ ಬಳಿಯ ಹಳ್ಳಿಯನ್ನು ಸೇರಿದ ಎರಡನೆಯ ವರ್ಷ, ಆರಿದ್ರಾ ಮಳೆಯು ಹಿಡಿದು ಹೊಡೆಯುತ್ತಿರುವಾಗ, ನನ್ನ ಯಂತ್ರವು ಇದ್ದಕ್ಕಿದ್ದಂತೆ ಹೊಲಿಗೆಯನ್ನು ಬಿಡಲಾರಂಭಿಸಿತು. ನಾಲ್ಕು ಅಂಗುಲ ಹೊಲಿದರೆ ಎರಡು ಅಂಗುಲ ಖಾಲಿ. ಕಡೆಗೆ ಯಂತ್ರದ ತಲೆಯನ್ನು ಮೇಜಿನಿಂದ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಕೊಡೆ ಹಿಡಿದುಕೊಂಡು ಬಸ್ಸನ್ನು ಹತ್ತಿ ಶಿವಮೊಗ್ಗೆಗೆ ಹೋದೆನು. ರಿಪೇರಿಯವನು ಅದನ್ನು ಒಮ್ಮೆ ನೋಡಿದನು, ಸೂಜಿಯನ್ನು ಸಡಿಲಿಸಿ ತೆಗೆದನು, ತಿರುಗಿಸಿ ಹಾಕಿದನು, ಚಿಂದಿಯ ಮೇಲೆ ಒಂದು ಗೇಣು ಹೊಲಿದು, "ಆಯ್ತು ತಾಯಿ" ಎಂದನು. ಹಿಂದಿನ ದಿನ ಮುರಿದ ಸೂಜಿಗೆ ಬದಲಾಗಿ ಹೊಸದನ್ನು ನಾನು ಹಿಂದುಮುಂದಾಗಿ ಸೇರಿಸಿದ್ದೆನು, ಅಷ್ಟೇ. ಅವನು ಕೇಳಿದ ಕೂಲಿಗಿಂತ ಬಸ್ಸಿನ ಚಾರ್ಜೇ ಹೆಚ್ಚಾಗಿದ್ದಿತು. ಮನೆಗೆ ಬಂದಾಗ ಅತ್ತೆಯವರು ಏನಾಗಿತ್ತೆಂದು ಕೇಳಿದರು. ಒಳಗೆ ಯಾವುದೋ ಕೀಲು ಸವೆದಿತ್ತೆಂದು ಹೇಳಿದೆನು!

ಯಂತ್ರವನ್ನು ಹೊಂದಿಸುವ ಬಗೆಯನ್ನು ತಿಳಿಯಬೇಕಾದರೆ ಅದರ ಹೊಲಿಗೆಯು ಹೇಗೆ ಬೀಳುವುದೆಂಬುದನ್ನು ಮೊದಲು ತಿಳಿಯಬೇಕು. ಕೈಹೊಲಿಗೆಯಲ್ಲಿ ಒಂದೇ ನೂಲು ಬಟ್ಟೆಯ ಕೆಳಕ್ಕೂ ಮೇಲಕ್ಕೂ ಹೋಗಿಬರುವುದು. ಯಂತ್ರದಲ್ಲಿ ನೂಲುಗಳು ಎರಡು. ಅಮೆರಿಕದ ಎಲಿಯಾಸ್ ಹೋವ್ ಎಂಬಾತನು ೧೮೪೬ರಲ್ಲಿ ಪೇಟೆಂಟು ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಬಳಿ ಇದ್ದಿತು. ಸೂಜಿಯು ಇಳಿಸಿದ ನೂಲಿನ ಕುಣಿಕೆಯೊಳಗೆ ಕೆಳಗಿನ ನೂಲು ಹಾದುಹೋಗಿ, ಎರಡೂ ಒಂದನ್ನೊಂದು ಹೆಣೆದುಕೊಳ್ಳುತ್ತಿದ್ದುವು. ೧೮೫೧ರಲ್ಲಿ ಐಸಾಕ್ ಸಿಂಗರನು ಪೇಟೆಂಟು ಪಡೆದ ಯಂತ್ರದಲ್ಲಿ ನೆಟ್ಟಗೆ ಏರಿಳಿಯುವ ಸೂಜಿಯೂ ಬಟ್ಟೆಯನ್ನು ಅದುಮಿ ಹಿಡಿಯುವ ಪಾದವೂ ಸೇರಿದುವು. ನಮ್ಮ ಮನೆಗಳ ಕಪ್ಪು ಯಂತ್ರವು ಇಂದಿಗೂ ಇದೇ ವಂಶದ್ದು. ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧಿಯವರು ೧೯೨೪ರಲ್ಲಿ ಸಿಂಗರ್ ಹೊಲಿಗೆಯ ಯಂತ್ರಕ್ಕೆ ಮಾತ್ರ ವಿನಾಯಿತಿಯನ್ನು ಕೊಟ್ಟರೆಂಬುದನ್ನು ಇಲ್ಲಿ ನೆನೆಯಬಹುದು.

ಈ ಎರಡು ನೂಲುಗಳ ಹೆಣಿಗೆಯು ಬಟ್ಟೆಯ ಮೇಲೆಯೂ ಕಾಣಬಾರದು, ಕೆಳಗೂ ಕಾಣಬಾರದು. ಬಟ್ಟೆಯ ದಪ್ಪದ ಒಳಗೆಯೇ ಅಡಗಬೇಕು. ವಿಷಯದ ತಿರುಳೆಲ್ಲ ಇಲ್ಲಿದೆ. ಡ್ರಿಲ್ ಬಟ್ಟೆಯ ಎರಡು ಪದರಗಳ ನಡುವೆ ಆ ಹೆಣಿಗೆಯು ಅಡಗಲು ಬೇಕಾದಷ್ಟು ಸ್ಥಳವುಂಟು. ವಾಯಿಲಿನ ಎರಡು ಪದರಗಳ ನಡುವೆ ಸ್ಥಳವೇ ಇಲ್ಲ. ಆದುದರಿಂದ ಬಟ್ಟೆಯು ಬದಲಾದೊಡನೆ ಸೂಜಿ, ನೂಲು, ಬಿಗಿ, ಹೊಲಿಗೆಯ ಉದ್ದ, ಪಾದದ ಒತ್ತಡ, ಇವೆಲ್ಲವೂ ಬದಲಾಗಲೇಬೇಕು. ಬದಲಾಯಿಸುವುದು ಇದೇ ಕ್ರಮದಲ್ಲಿ ನಡೆಯಬೇಕು. ನಮ್ಮವರು ಮಾಡುವ ತಪ್ಪೇನೆಂದರೆ, ಹೊಲಿಗೆಯು ಸ್ವಲ್ಪ ಕೆಟ್ಟಿತೆಂದರೆ ಮೊದಲು ಬಿಗಿಯ ತಿರುಪಿಗೆ ಕೈಹಾಕುವುದು. ಸೂಜಿಯನ್ನು ಯಾರೂ ಸಂಶಯಿಸುವುದಿಲ್ಲ.

ಸೂಜಿಯ ಪೊಟ್ಟಣದ ಮೇಲೆ ಸಾಮಾನ್ಯವಾಗಿ ಎರಡು ಅಂಕೆಗಳಿರುವುವು: ೭೫/೧೧, ೯೦/೧೪, ೧೦೦/೧೬ ಎಂಬಂತೆ. ಮೊದಲನೆಯದು ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುವುದು. ೯೦ ಎಂದರೆ ಮಿಲಿಮೀಟರಿನ ಹತ್ತನೆಯ ಒಂಬತ್ತು ಪಾಲು. ಎರಡನೆಯದು ಅಂಗಡಿಯಲ್ಲಿ ನಾವು ಕೇಳುವ ನಂಬರು. ಅಂಕೆಯು ಹೆಚ್ಚಿದಂತೆ ಸೂಜಿಯು ದಪ್ಪ. ನಮ್ಮ ಕಡೆಯ ಯಂತ್ರಗಳಲ್ಲಿ ೧೬ನೆಯ ನಂಬರಿನ ಸೂಜಿಯೊಂದು ವರ್ಷಗಟ್ಟಲೆ ಕುಳಿತಿರುವುದನ್ನು ನೋಡಿದ್ದೇನೆ. ಅದು ಮುರಿದ ದಿನವೇ ಅದಕ್ಕೆ ಬಿಡುಗಡೆ. ಮೊನೆಯು ಮೊಂಡಾದ ಸೂಜಿಯು ನೂಲೆಳೆಗಳ ನಡುವೆ ದಾರಿಮಾಡಿಕೊಳ್ಳದೆ ಎಳೆಗಳನ್ನೇ ಕಡಿಯುವುದು. ಹೊಲಿಯುವಾಗ ಟಕ್ ಟಕ್ ಎಂದು ಗುದ್ದಿದ ಸದ್ದು ಕೇಳಿದರೆ ಸೂಜಿಯು ಮೊಂಡಾಗಿದೆಯೆಂದು ತಿಳಿಯತಕ್ಕುದು.

ಸೂಜಿಯನ್ನು ಸೇರಿಸುವ ಬಗೆಯನ್ನೂ ಹೇಳಿಬಿಡುತ್ತೇನೆ. ಮತ್ತಾರೂ ನನ್ನಂತೆ ಗೋಣಿಯನ್ನು ಹೊರುವುದು ಬೇಡ. ಸೂಜಿಯ ಒಂದು ಬದಿಯಲ್ಲಿ ಉದ್ದವಾದ ಗಾಡಿಯುಂಟು. ನೂಲು ಯಾವ ಕಡೆಯಿಂದ ಕಣ್ಣನ್ನು ಹೊಗುವುದೋ ಆ ಕಡೆಗೆ ಈ ಗಾಡಿಯು ಇರಬೇಕು. ತಲೆಯ ಚಪ್ಪಟೆಯಾದ ಮೈ ಅದಕ್ಕೆ ಎದುರು ಬದಿಗೆ. ಸೂಜಿಯನ್ನು ಮೇಲಕ್ಕೆ ತಾಗುವವರೆಗೆ ನೂಕಿ ತಿರುಪನ್ನು ಬಿಗಿಯಬೇಕು. ಒಂದು ಕೂದಲೆಳೆಯಷ್ಟು ಕೆಳಗೆ ನಿಂತರೂ ಹೊಲಿಗೆಯು ಬಿಡುವುದು.

ಇನ್ನು ಬಿಗಿ. ಮೇಲಿನ ನೂಲು ಎರಡು ಬಿಲ್ಲೆಗಳ ನಡುವೆ ಹಾದುಬರುವುದು. ಅವುಗಳ ತಿರುಪನ್ನು ಬಲಕ್ಕೆ ತಿರುಗಿಸಿದರೆ ಬಿಗಿಯು ಹೆಚ್ಚುವುದು, ಎಡಕ್ಕೆ ತಿರುಗಿಸಿದರೆ ಸಡಿಲವಾಗುವುದು. ಪಾದವನ್ನು ಎತ್ತಿದಾಗ ಈ ಬಿಲ್ಲೆಗಳು ತೆರೆದುಕೊಳ್ಳುವುವು. ಆದುದರಿಂದ ನೂಲನ್ನು ಪೋಣಿಸುವಾಗ ಪಾದವು ಮೇಲಿರತಕ್ಕುದು. ಇಲ್ಲದಿದ್ದರೆ ನೂಲು ಬಿಲ್ಲೆಗಳ ನಡುವೆ ಇಳಿಯದೆ ಹೊರಗೆಯೇ ಉಳಿದು, ಬಟ್ಟೆಯ ಕೆಳಗೆ ಹಕ್ಕಿಯ ಗೂಡಿನಂತೆ ನೂಲಿನ ಮುದ್ದೆಯಾಗುವುದು. ಕೆಳಗೆ ಮುದ್ದೆಯಾದುದರಿಂದ ಕೆಳಗಿನ ಬಾಬಿನ್ನೇ ಕೆಟ್ಟಿತೆಂದು ಎಲ್ಲರೂ ಬಗೆಯುವರು. ದೋಷವಿರುವುದು ಮೇಲೆ. ಕೆಳಗೆ ಕುಣಿಕೆಗಳು ಕಂಡರೆ ಮೇಲಿನ ಬಿಗಿ ಸಾಲದು; ಮೇಲ್ಮೈಯಲ್ಲಿ ಬಾಬಿನ್ನಿನ ನೂಲು ಚುಕ್ಕೆಚುಕ್ಕೆಯಾಗಿ ಇಣುಕಿದರೆ ಮೇಲಿನ ಬಿಗಿ ಅತಿಯಾಗಿದೆ.

ಇದನ್ನು ಪರೀಕ್ಷಿಸಲು ಒಂದು ಸುಲಭವಾದ ಉಪಾಯವುಂಟು. ಮೇಲೆ ಕೆಂಪು ನೂಲನ್ನೂ ಬಾಬಿನ್ನಿಗೆ ಬಿಳಿಯ ನೂಲನ್ನೂ ಹಾಕಿರಿ. ಎರಡೂ ಒಂದೇ ದಪ್ಪದ ಒಂದೇ ಜಾತಿಯ ನೂಲಾಗಿರಲಿ. ತೆಳುವಾದ ಹತ್ತಿಬಟ್ಟೆಯ ತುಂಡನ್ನು ಓರೆಯಾಗಿ ಮಡಿಸಿ, ಮಡಿಕೆಯ ಪಕ್ಕದಲ್ಲಿ ಒಂದು ಸಾಲು ಹೊಲಿದು, ಎರಡು ಕೈಗಳಿಂದ ಆ ಸಾಲನ್ನು ಜಗ್ಗಿ ಎಳೆಯಿರಿ. ಕೆಂಪು ಹರಿದರೆ ಮೇಲಿನ ಬಿಗಿಯು ಹೆಚ್ಚು, ಬಿಳಿ ಹರಿದರೆ ಕೆಳಗಿನದು. ಎರಡೂ ಒಟ್ಟಿಗೆ ಹರಿದರೆ ಯಂತ್ರವು ಸರಿಯಾಗಿದೆ.

ಹೊಲಿಗೆಯ ಉದ್ದವನ್ನು ಬಲಗಡೆಯ ಸನ್ನೆಯಿಂದ ಹೊಂದಿಸುವೆವು. ಹಳೆಯ ಯಂತ್ರಗಳಲ್ಲಿ ಅಂಗುಲಕ್ಕೆ ಎಷ್ಟು ಹೊಲಿಗೆ ಎಂಬ ಲೆಕ್ಕ, ಈಚಿನವುಗಳಲ್ಲಿ ಮಿಲಿಮೀಟರಿನ ಲೆಕ್ಕ. ಅಂಗುಲಕ್ಕೆ ಹತ್ತು ಎಂದರೆ ಎರಡೂವರೆ ಮಿಲಿಮೀಟರು. ಪಾದದ ಒತ್ತಡದ ತಿರುಪು ಯಂತ್ರದ ತಲೆಯ ಮೇಲೆ, ಎಡತುದಿಯಲ್ಲಿದೆ. ಅದನ್ನು ಮುಟ್ಟಿ ನೋಡಿದವರೇ ವಿರಳ. ಪಾದವು ಮೇಲಿನಿಂದ ಅದುಮುವುದು, ಕೆಳಗಿನ ಹಲ್ಲುಗಳು ಬಟ್ಟೆಯನ್ನು ಹಿಂದಕ್ಕೆ ಒಯ್ಯುವುವು. ಒತ್ತಡವು ಅತಿಯಾದರೆ ಕೆಳಗಿನ ಪದರವು ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುವುದು. ಎರಡು ತುಂಡುಗಳನ್ನು ಸಮವಾಗಿ ಕತ್ತರಿಸಿದ್ದರೂ ಕೊನೆಯಲ್ಲಿ ಒಂದು ಉದ್ದವಾಗಿ ಮಿಗುವುದೆಂದು ಅನೇಕರು ದೂರುವರಷ್ಟೆ? ಅದು ಕತ್ತರಿಯ ತಪ್ಪಲ್ಲ.

ಇಷ್ಟನ್ನು ತಿಳಿದ ಮೇಲೆ ಬಟ್ಟೆಗಳ ಕಡೆಗೆ ಬರೋಣ. ಪಾಪ್ಲಿನ್, ಲಾಂಗ್‌ಕ್ಲಾತ್, ರವಿಕೆಯ ರುಬಿಯಾ, ಇವು ಸಾಧುಗಳು. ೧೪ನೆಯ ಸೂಜಿ (ರುಬಿಯಾಕ್ಕೆ ೧೧ ಇನ್ನೂ ಚೆನ್ನು), ಅಂಗುಲಕ್ಕೆ ಹತ್ತರಿಂದ ಹನ್ನೆರಡು ಹೊಲಿಗೆ, ನಡುತರದ ಬಿಗಿ. ಈ ಸ್ಥಿತಿಯನ್ನು ಯಂತ್ರದ ಮನೆಯೆಂದು ಇಟ್ಟುಕೊಳ್ಳಿರಿ. ಬೇರೆ ಬಟ್ಟೆಗೆ ಇಲ್ಲಿಂದ ಹೊರಟು, ಕೆಲಸವು ಮುಗಿದೊಡನೆ ಇಲ್ಲಿಗೇ ಹಿಂದಿರುಗಬೇಕು.

ವಾಯಿಲ್, ಮಲ್ಲು, ಜಾರ್ಜೆಟ್ಟುಗಳಿಗೆ ೯ ಅಥವಾ ೧೧ರ ಸೂಜಿ, ಸಣ್ಣ ನೂಲು, ಸಡಿಲವಾದ ಬಿಗಿ, ಹಗುರವಾದ ಪಾದ. ಹೊಲಿಗೆಯು ಅಂಗುಲಕ್ಕೆ ಹನ್ನೆರಡರಿಂದ ಹದಿನೈದರವರೆಗೆ ಇರಲಿ. ತೆಳುಬಟ್ಟೆಗೆ ಉದ್ದ ಹೊಲಿಗೆಯನ್ನು ಹಾಕಿದರೆ ಪ್ರತಿಯೊಂದು ಹೊಲಿಗೆಯೂ ಬಟ್ಟೆಯನ್ನು ಹಿಂಡಿ ಸುಕ್ಕನ್ನು ತರುವುದು. ಮೊದಲ ಹೊಲಿಗೆಯಲ್ಲಿಯೇ ಬಟ್ಟೆಯನ್ನು ಯಂತ್ರವು ನುಂಗುವುದೂ ಉಂಟು. ಆಗ ನೂಲಿನ ಎರಡು ತುದಿಗಳನ್ನೂ ಹಿಂದಕ್ಕೆ ಹಿಡಿದುಕೊಂಡು ಆರಂಭಿಸಬೇಕು. ಅದಕ್ಕೂ ಬಗ್ಗದಿದ್ದರೆ ಬಟ್ಟೆಯ ಕೆಳಗೆ ತೆಳುವಾದ ಕಾಗದವನ್ನಿಟ್ಟು ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆಯಬೇಕು. ಅಚ್ಚಿನ ಮಸಿಯು ಬಿಳಿಬಟ್ಟೆಗೆ ಹತ್ತುವುದರಿಂದ ವೃತ್ತಪತ್ರಿಕೆಯು ಬೇಡ.

ಮೈಸೂರು ರೇಷ್ಮೆಯ ವಿಷಯದಲ್ಲಿ ತುಸು ನಿಂತು ಹೇಳಬೇಕಾಗಿದೆ. ೧೯೧೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆಯ ಕಾರ್ಖಾನೆಯು ಆರಂಭವಾದುದು ಮೊದಲುಗೊಂಡು ಈ ಸೀರೆಯು ನಮ್ಮ ಮದುವೆಗಳ ಮರ್ಯಾದೆಯಾಗಿದೆ. ಇದರ ನೂಲನ್ನು ಚೆನ್ನಾಗಿ ಹುರಿಗೊಳಿಸಿ ಕ್ರೇಪ್ ಬಗೆಯಲ್ಲಿ ನೇಯುವುದರಿಂದ ಬಟ್ಟೆಯು ಕೈಯಿಂದ ಜಾರಿ ಜಾರಿ ಹೋಗುವುದು. ನನ್ನ ಕೈಗೆ ಒಮ್ಮೆ ಇಂತಹ ಸೀರೆಯ ಜೊತೆಯಲ್ಲಿ ಬಂದ ರವಿಕೆಯ ತುಂಡೊಂದು ಬಂದಿತು. ಮದುವೆಗೆ ನಾಲ್ಕು ದಿನ. ಹಿಂದಿನ ಸಂಜೆಯವರೆಗೆ ಮಕ್ಕಳ ಶಾಲೆಯ ಡ್ರಿಲ್ ಚಡ್ಡಿಗಳನ್ನು ಹೊಲಿಯುತ್ತಿದ್ದೆನು. ಸೂಜಿಯನ್ನು ಬದಲಾಯಿಸಬೇಕೆಂಬುದು ಹೊಳೆಯಿತು. ಆದರೆ ಪೇಟೆಗೆ ಹೋಗಿ ತರುವುದಕ್ಕೆ ಬೇಸರಪಟ್ಟು ಅದರಿಂದಲೇ ಮುಂಭಾಗದ ಸಾಲನ್ನು ಹೊಲಿದೆನು. ಮೊಂಡು ಸೂಜಿಯು ರೇಷ್ಮೆಯ ಎಳೆಯನ್ನು ಹಿಡಿದು ಎಳೆಯಿತು. ಎದೆಯ ಅಡ್ಡಕ್ಕೆ ಅಂಗೈಯಗಲ ಗೆರೆಗಳು ಮೂಡಿದುವು. ಬಿಚ್ಚಿದರೆ ಸೂಜಿಯ ತೂತುಗಳು ಸಾಲಾಗಿ ಉಳಿದುವು. ರೇಷ್ಮೆಯಲ್ಲಿ ತೂತು ಮುಚ್ಚಿಕೊಳ್ಳುವುದಿಲ್ಲ. ಆ ಬಣ್ಣದ ಬೇರೆ ತುಂಡು ಲೋಕದಲ್ಲಿಯೇ ಇರಲಿಲ್ಲ. ರಾತ್ರಿ ಹುಡುಗಿಯ ತಾಯಿಯ ಮನೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದೆನು. ಆಕೆ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಬಳಿಕ ಒಳಗೆ ಹೋಗಿ ಸೀರೆಯನ್ನು ತಂದು, ಸೊಂಟದೊಳಕ್ಕೆ ಸಿಕ್ಕಿಸಿಕೊಳ್ಳುವ ತುದಿಯಿಂದ ಒಂದು ಮೊಳವನ್ನು ಕತ್ತರಿಸಿಕೊಳ್ಳುವಂತೆ ಹೇಳಿದಳು. ಅದರಿಂದ ಮುಂಭಾಗವನ್ನು ಹೊಸದಾಗಿ ಮಾಡಿದೆನು. ಹೊಲಿಗೆಯ ಕೂಲಿಯನ್ನು ನಾನು ತೆಗೆದುಕೊಳ್ಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅಂದಿನಿಂದ ರೇಷ್ಮೆಗೆ ಪ್ರತಿಸಲವೂ ಹೊಸ ಸೂಜಿ, ೯ ಅಥವಾ ೧೧. ಗುಂಡುಸೂಜಿಗಳನ್ನು ಹೊಲಿಗೆಯ ಗೆರೆಯ ಹೊರಗೆ, ಒಳಮಡಿಕೆಯಲ್ಲಿ ಅಡಗುವ ಅಂಚಿಗೆ ಮಾತ್ರ ಚುಚ್ಚುವೆನು. ಜಾರುವ ಸಾಲುಗಳನ್ನು ಮೊದಲು ಕೈಯಿಂದ ಕಚ್ಚಾ ಹೊಲಿದುಕೊಳ್ಳುವೆನು. ಅಂಗುಲಕ್ಕೆ ಹನ್ನೆರಡು ಹೊಲಿಗೆ; ಬಟ್ಟೆಯನ್ನು ಸೂಜಿಯ ಹಿಂದೆಯೂ ಮುಂದೆಯೂ ಮೆಲ್ಲನೆ ಹಿಡಿದಿರಬೇಕು, ಎಳೆಯಬಾರದು. ಜರಿಯ ಅಂಚು ಬಂದಲ್ಲಿ ಮಾತ್ರ ೧೪ರ ಸೂಜಿ, ಹೊಲಿಗೆ ತುಸು ಉದ್ದ. ಜರಿಯು ಲೋಹವಾದುದರಿಂದ ಸೂಜಿಯ ಮೊನೆಯನ್ನು ಬೇಗನೆ ತಿಂದುಬಿಡುವುದು. ಜರಿಯನ್ನು ಹೊಲಿದ ಸೂಜಿಯನ್ನು ಮತ್ತೆ ರೇಷ್ಮೆಗೆ ತರಬೇಡಿರಿ.

ಖಾದಿಯ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಅದನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು. ಇಲ್ಲವಾದರೆ ಮೊದಲನೆಯ ಒಗೆತದಲ್ಲಿ ಅಂಗಿಯು ತಮ್ಮನ ಪಾಲಾಗುವುದು. ೧೪ ಅಥವಾ ೧೬ರ ಸೂಜಿ, ಅಂಗುಲಕ್ಕೆ ಹತ್ತು ಹೊಲಿಗೆ ಸಾಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ರಾಷ್ಟ್ರಧ್ವಜವನ್ನು ಖಾದಿಯಲ್ಲಿ ಹೊಲಿಯುವವರು ಹೆಚ್ಚಾಗಿ ಹೆಂಗಸರೇ ಎಂಬುದನ್ನು ಕೇಳಿದಾಗ ನನಗೆ ಬಹಳ ಹಿತವೆನಿಸಿತು.

ಟೆರಿಕಾಟ್ ಮೊದಲಾದ ಪಾಲಿಯೆಸ್ಟರ್ ಬೆರೆತ ಬಟ್ಟೆಗಳ ಸ್ವಭಾವವು ಬೇರೆ. ಹತ್ತಿಯು ಸೂಜಿಗೆ ಎಡೆಮಾಡಿಕೊಟ್ಟು ಆಮೇಲೆ ಮಣಿದುಕೊಳ್ಳುವುದು. ಇದು ಮಣಿಯುವುದಿಲ್ಲ, ಸುಕ್ಕಾಗಿ ನಿಲ್ಲುವುದು. ಆದುದರಿಂದ ಸಣ್ಣ ಸೂಜಿ, ಪಾಲಿಯೆಸ್ಟರ್ ನೂಲು, ಎರಡು ಬಿಗಿಗಳೂ ಸಡಿಲ. ಇದಕ್ಕೆ ಹತ್ತಿಯ ನೂಲನ್ನು ಹಾಕಿದರೆ ಒಗೆದಾಗ ನೂಲು ಕುಗ್ಗಿ ಬಟ್ಟೆ ಕುಗ್ಗದೆ ಸಾಲುದ್ದಕ್ಕೂ ನೆರಿಗೆ ಬೀಳುವುದು. ಬನಿಯನ್ನಿನಂತಹ ಹೆಣೆದ ಬಟ್ಟೆಗೆ ಗುಂಡುಮೊನೆಯ ಸೂಜಿಯೇ ಬೇಕು. ಸಾಧಾರಣ ಸೂಜಿಯು ಹೆಣಿಗೆಯ ಕುಣಿಕೆಯನ್ನು ಕಡಿದರೆ ಅಲ್ಲಿಂದ ತೂತು ಬೆಳೆಯುತ್ತ ಹೋಗುವುದು. ಹೊಲಿಗೆಯನ್ನು ಗಿಡ್ಡವಾಗಿರಿಸಿದರೆ ಬಟ್ಟೆಯು ಹಿಗ್ಗಿದಾಗ ನೂಲು ಹರಿಯದು.

ಶಾಲೆಯ ಸಮವಸ್ತ್ರದ ಡ್ರಿಲ್ಲಿಗೆ ೧೬, ಮಡಿಕೆಗಳು ಕೂಡುವ ಕಡೆ ೧೮. ಅಂಗುಲಕ್ಕೆ ಎಂಟರಿಂದ ಹತ್ತು ಹೊಲಿಗೆ, ಬಿಗಿಯೂ ಪಾದದ ಒತ್ತಡವೂ ಹೆಚ್ಚು. ನಾಲ್ಕಾರು ಪದರಗಳು ಕೂಡಿದಲ್ಲಿ ಕಾಲನ್ನು ತೆಗೆದು ಕೈಚಕ್ರದಿಂದ ಒಂದೊಂದೇ ಹೊಲಿಗೆಯನ್ನು ದಾಟಿಸಬೇಕು. ಕಂಬಳಿಗೂ ಇದೇ ದಪ್ಪ ಸೂಜಿಯಾದರೂ ಪಾದವನ್ನು ಮಾತ್ರ ಸಡಿಲಗೊಳಿಸಬೇಕು. ಅದರ ಮೈ ಉಬ್ಬಿದ್ದು, ಅದುಮಿದರೆ ಮೇಲಿನ ಪದರವು ಸರಿಯುವುದು. ದಪ್ಪವಾದ ಬಟ್ಟೆಗೆಲ್ಲ ಹೆಚ್ಚು ಒತ್ತಡವೆಂಬ ನಿಯಮವು ಇಲ್ಲಿ ನಡೆಯದು.

ಇದುವರೆಗೆ ಹೇಳಿದುದು ಯಾವ ಊರಿಗಾದರೂ ಸಲ್ಲುವ ಮಾತು. ನಮ್ಮ ಮಲೆನಾಡಿಗೆ ಬೇರೊಂದು ಅಧ್ಯಾಯವಿದೆ. ಮೃಗಶಿರದಿಂದ ಆಶ್ಲೇಷದವರೆಗೆ ಮನೆಯೊಳಗಿನ ಉಪ್ಪೂ ನೀರೊಡೆಯುವಾಗ ಯಂತ್ರವೊಂದೇ ಒಣಗಿರಬಲ್ಲುದೇ? ನರಸಿಂಹರಾಜಪುರದ ಕಡೆಯವರಿಗೆ ಈ ಕಷ್ಟವು ತುಸು ಕಡಿಮೆ, ಶೃಂಗೇರಿಯವರಿಗೆ ಪೂರ್ತಿ. ತೊಗಲಿನ ಬೆಲ್ಟು ತೇವವನ್ನು ಕುಡಿದು ಉದ್ದವಾಗಿ ಜಾರಲಾರಂಭಿಸುವುದು. ಕಾಲು ತುಳಿದರೂ ಸೂಜಿ ನಡೆಯದು. ಆಗ ಬೆಲ್ಟಿನ ಕೊಂಡಿಯನ್ನು ಬಿಚ್ಚಿ ಕಾಲಂಗುಲದಷ್ಟು ಕತ್ತರಿಸಿದರೆ ಸಾಕು. ಹೆಚ್ಚಾಗಿ ಕತ್ತರಿಸಿದರೆ ಬೇಸಗೆಯಲ್ಲಿ ಕುಗ್ಗಿ ಯಂತ್ರವು ಭಾರವಾಗುವುದು. ಬೂಷ್ಟು ಹಿಡಿದ ಹತ್ತಿಯ ನೂಲು ನೋಡಲು ಚೆನ್ನಾಗಿದ್ದರೂ ಒಳಗೆ ಕೊಳೆತಿರುವುದು. ಉಂಡೆಗಳನ್ನು ಬಿಗಿಯಾದ ಮುಚ್ಚಳದ ತಗಡಿನ ಡಬ್ಬಿಯಲ್ಲಿಡಿರಿ. ಹೊಲಿಯುವ ಮುಂಚೆ ಒಂದು ಮೊಳ ನೂಲನ್ನು ಎರಡು ಕೈಯಿಂದ ಎಳೆದು ನೋಡಿರಿ. ಕತ್ತರಿಸುವ ಮುನ್ನ ಬಟ್ಟೆಯ ಮೇಲೆ ಇಸ್ತ್ರಿಯನ್ನಾಡಿಸಿ ತೇವವನ್ನು ಕಳೆಯಿರಿ.

ತೈಲದ ಮಾತನ್ನು ಒತ್ತಿ ಹೇಳುತ್ತೇನೆ. ಯಂತ್ರಕ್ಕೆ ಯಂತ್ರದ ಎಣ್ಣೆಯನ್ನೇ ಹಾಕತಕ್ಕುದು. ಕೊಬ್ಬರಿ ಎಣ್ಣೆಯು ನಮ್ಮ ಮಾಗಿಯ ಬೆಳಗಿನಲ್ಲಿ ಹೆಪ್ಪುಗಟ್ಟುವುದು, ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿಯುವುದು. ಹಾಗೆ ಬಿಗಿದುಕೊಂಡ ಎಷ್ಟೋ ಯಂತ್ರಗಳನ್ನು ಗುಜರಿಗೆ ಹಾಕಿದುದನ್ನು ಕಂಡಿದ್ದೇನೆ; ಅವುಗಳಲ್ಲಿ ಸವೆದ ಕೀಲು ಒಂದೂ ಇರಲಿಲ್ಲ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ತುಳಿಯಿರಿ, ಬಳಿಕ ಚಿಂದಿಯ ಮೇಲೆ ಹೊಲಿದು ಮಿಕ್ಕ ಎಣ್ಣೆಯನ್ನು ಕಳೆಯಿರಿ. ಹಲ್ಲುಗಳ ಸಂದಿನಲ್ಲಿ ಸೇರುವ ಹತ್ತಿಯ ಹೊಟ್ಟು ತೇವವನ್ನು ಹಿಡಿದಿಟ್ಟು ತುಕ್ಕನ್ನು ತರುವುದರಿಂದ ತಗಡನ್ನು ಬಿಚ್ಚಿ ಕುಂಚದಿಂದ ಅದನ್ನು ತೆಗೆಯಬೇಕು.

ಇದೆಲ್ಲ ಮನೆಯ ಚೊಕ್ಕಟಕ್ಕಾಗಿ ಮಾತ್ರ ಹೇಳಿದುದಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ೧೮ ಕಸುಬುಗಳಲ್ಲಿ ದರ್ಜಿಯ ಕಸುಬೂ ಒಂದು. ಸಲಕರಣೆಗಳಿಗೆಂದು ೧೫,೦೦೦ ರೂಪಾಯಿಗಳವರೆಗೆ ನೆರವು ಅದರಲ್ಲಿದೆ. ನೆರವು ಯಂತ್ರವನ್ನು ಕೊಡಿಸಬಲ್ಲುದು. ಆದರೆ ಯಂತ್ರವು "ಕೆಟ್ಟ" ತಿಂಗಳಲ್ಲಿ ಒಬ್ಬ ಹೆಂಗಸಿಗೆ ಸಂಪಾದನೆಯಿಲ್ಲ. ಆ ತಿಂಗಳು ಜೂನ್ ಆಗಿದ್ದರೆ, ಶಾಲೆಗಳು ತೆರೆದು ಸಮವಸ್ತ್ರಗಳ ಕೆಲಸವು ಬರುವ ಕಾಲವೇ ಅವಳ ಕೈತಪ್ಪಿಹೋಗುವುದು.

ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಕೈಹೊಲಿಗೆಯ ಮಾದರಿಗಳನ್ನು ದಪ್ಪ ಕಾಗದದ ಪುಸ್ತಕಕ್ಕೆ ಅಂಟಿಸುತ್ತಿದ್ದುದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಅದೇ ಪುಸ್ತಕದ ಉಳಿದ ಹಾಳೆಗಳಲ್ಲಿ ನಾನು ಈಗಲೂ ತುಂಡುಗಳನ್ನು ಅಂಟಿಸುತ್ತಿದ್ದೇನೆ. ಹೊಸ ಬಟ್ಟೆಯು ಬಂದಾಗ ಅದರ ಚೂರನ್ನು ಎರಡು ಪದರವಾಗಿ ಮಡಿಸಿ, ಹೊಲಿದು, ಸರಿಹೊಂದಿದ ಮೇಲೆ ಪಕ್ಕದಲ್ಲಿ ಬರೆಯುವೆನು: ಸೂಜಿ ೧೧, ಹೊಲಿಗೆ ೧೨, ಬಿಗಿ ಮನೆಯಿಂದ ಅರ್ಧ ಸುತ್ತು ಎಡಕ್ಕೆ, ಪಾದ ಎರಡು ಸುತ್ತು ಸಡಿಲ. ಮುಂದಿನ ಸಲ ಅದೇ ಬಗೆಯ ಬಟ್ಟೆಯು ಬಂದರೆ ಪುಟವನ್ನು ತಿರುವಿದರೆ ಸಾಕು.

ಬಾಬಿನ್ ಕೇಸಿನ ಸಣ್ಣ ತಿರುಪನ್ನು ಕುರಿತು ಒಂದು ಮಾತು ಉಳಿಯಿತು. ಬೇರೆಲ್ಲವನ್ನೂ ನೋಡಿಯಾದ ಮೇಲೆ, ಕಟ್ಟಕಡೆಗೆ ಅದನ್ನು ಮುಟ್ಟಬೇಕು. ಕೇಸನ್ನು ಅದರ ನೂಲಿನಿಂದಲೇ ತೂಗುಹಾಕಿ ಮೆಲ್ಲನೆ ಕುಲುಕಿದರೆ ಅದು ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಅಲುಗದೆ ನಿಂತರೆ ಬಿಗಿಯಾಗಿದೆ, ನೆಲಕ್ಕೆ ಇಳಿದುಬಿಟ್ಟರೆ ಸಡಿಲವಾಗಿದೆ. ತಿರುಗಿಸುವುದಾದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಪುಳಿಯನ್ನು ಹಿಡಿಯುವಾಗ ಕೆಳಗೆ ಬಿಳಿಯ ಬಟ್ಟೆಯೊಂದನ್ನು ಹಾಸಿಕೊಳ್ಳಿರಿ. ಆ ತಿರುಪು ರಾಗಿಯ ಕಾಳಿಗಿಂತ ತುಸು ದೊಡ್ಡದು, ಹಲಗೆಯ ಸಂದಿಗೆ ಬಿದ್ದರೆ ಮತ್ತೆ ಸಿಕ್ಕುವುದಿಲ್ಲ.